ಪುಟ್ಟ ಪೆಟ್ಟಿಗೆ ಮತ್ತು ಎರಡನೆಯ ರಿಮೋಟ್

ಕೊಪ್ಪಳ
ನಡುಮಾಸದ ಮೂವತ್ತೊಂದನೆಯ ದಿನ, ೨೧೫೧

ಗದಗಿನ ಚಷ್ಮಾ ಅಂಗಡಿಯ ಮೃತ್ಯುಂಜಯ ಅವರಿಗೆ, ಅಂದರೆ ನಮ್ಮ ಮುತ್ತು ಮಾಮಾನಿಗೆ, ನೀಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಮೋಸಗಾರರ ಕೆಲಸವೆಂದು ಈ ಪತ್ರವನ್ನು ಅಳಿಸಿಬಿಡಬೇಡಿ. ನಮ್ಮ ಕಾಲದಿಂದ ಹಿಂದಕ್ಕೆ ಕಳಿಸಿದ ಪತ್ರಗಳೆಲ್ಲ ನಿಮ್ಮ ಕಾಲದ ಸ್ಪ್ಯಾಮ್ ಫೋಲ್ಡರಿಗೇ ಹೋಗಿ ಬೀಳುತ್ತವೆಯಂತೆ. ಲಾಟರಿ ಹೊಡೆದಿದೆ ಎನ್ನುವವರ, ಕೂದಲು ಬೆಳೆಸುವ ಎಣ್ಣೆ ಮಾರುವವರ ನಡುವೆ ನಾನೂ ಕೂತಿರುತ್ತೇನೆ, ದಯವಿಟ್ಟು ಗುರುತು ಹಿಡಿಯಿರಿ. ನಡುಮಾಸ ಎಂದರೆ ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಆ ಬಿಸಿಲಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಅರ್ಧ ನೆಲದೊಳಗೆ ಕಟ್ಟಿದ ತಣ್ಮನೆಗಳಲ್ಲಿ ಎಲ್ಲರೂ ಮಜ್ಜಿಗೆ ಕುಡಿಯುತ್ತ ಬಿದ್ದುಕೊಂಡಿರುತ್ತೇವೆ. ಆ ತಿಂಗಳನ್ನು ವಯಸ್ಸಿಗೂ ಹಿಡಿಯುವುದಿಲ್ಲವಾದ್ದರಿಂದ ನಾನು ಅರವತ್ತೊಂದರವಳು. ನಿಮ್ಮ ಲೆಕ್ಕದಲ್ಲಿ ಅರವತ್ತಾರು ಆಗುತ್ತದೆ, ಆದರೆ ಆ ಲೆಕ್ಕ ನನಗೆ ಬೇಡ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಪದ ವಿಚಿತ್ರವಾಗಿ ಕೇಳಿಸಿದರೆ ದೊಡ್ಡ ಮನಸ್ಸು ಮಾಡಿ ಮುಂದೆ ಓದಿಕೊಂಡು ಹೋಗಿ.

ನಾನು ಯಾರೆಂದು ಹೇಳಬೇಕು. ಕೊಪ್ಪಳದಲ್ಲಿ ಹೊಲಿಗೆ ಕ್ಲಾಸು ನಡೆಸುವ ನಿಮ್ಮ ಅಕ್ಕ ಸರ್ವಮಂಗಳಾ ಇದ್ದಾಳಲ್ಲ, ಆಕೆಯ ಮಗಳು ಪ್ರಾರ್ಥನಾ ನನ್ನ ಮುತ್ತಜ್ಜಿ. ನಿಮ್ಮ ಪಾಲಿಗೆ ಆಕೆ ಈಗಿನ್ನೂ ಕಾಲೇಜಿಗೆ ಹೋಗುವ ಹುಡುಗಿ. ಆಕೆ ನಿಮ್ಮನ್ನು ಮುತ್ತು ಮಾಮಾ ಎನ್ನುತ್ತಿದ್ದಳಾದ್ದರಿಂದ ಆಕೆಯ ಮಗಳೂ ಮೊಮ್ಮಗಳೂ ಹಾಗೆಯೇ ಅಂದರು, ನಾನೂ ಹಾಗೆಯೇ ಅನ್ನುತ್ತೇನೆ. ನಾಲ್ಕು ತಲೆಮಾರಾದರೂ ನಮ್ಮ ಮನೆಯಲ್ಲಿ ನಿಮಗೆ ಮುತ್ತಜ್ಜನಾಗಿ ಬಡ್ತಿ ಸಿಕ್ಕಿಲ್ಲ. ನಿಮಗೀಗ ನಲವತ್ತು. ವಯಸ್ಸಿನಲ್ಲಿ ನಾನು ನಿಮಗಿಂತ ದೊಡ್ಡವಳು, ಸಂಬಂಧದಲ್ಲಿ ನೀವು ನನಗಿಂತ ಬಹಳ ದೊಡ್ಡವರು. ಹಾಗಾಗಿ ನಮಸ್ಕಾರವನ್ನೂ ಮಾಡುತ್ತೇನೆ, ಅಷ್ಟಿಷ್ಟು ಬೈಯುತ್ತೇನೆ ಕೂಡ.

ನಮ್ಮಲ್ಲಿ ಅರವತ್ತು ತುಂಬಿದವರಿಗೆಲ್ಲ ಒಂದು ಹಿಂದೋಲೆ ಸಿಗುತ್ತದೆ. ಹಿಂದೋಲೆ ಎಂದರೆ ಹಿಂದಿನ ಕಾಲದ ಒಬ್ಬರಿಗೆ ಬರೆಯಬಹುದಾದ ಒಂದು ಪತ್ರ, ಜೀವಮಾನಕ್ಕೆ ಒಂದೇ ಸಲ. ನಿಯಮಗಳು ಕಟ್ಟುನಿಟ್ಟು. ಹುಟ್ಟು, ಸಾವು, ಚುನಾವಣೆ, ಯುದ್ಧ, ಚಿನ್ನದ ದರ, ಇವುಗಳ ಬಗ್ಗೆ ಚಕಾರ ಎತ್ತುವಂತಿಲ್ಲ. ಲೋಕಕ್ಕೆ ಏನೂ ವ್ಯತ್ಯಾಸ ಮಾಡದ ಸಣ್ಣಪುಟ್ಟ ವಿಷಯಗಳಿಗೆ ಮಾತ್ರ ಅನುಮತಿ. ಪಕ್ಕದ ಮನೆಯವರು ತಮ್ಮ ಪೂರ್ವಜರೊಬ್ಬರಿಗೆ ಮದುವೆ ಫೋಟೋಕ್ಕೆ ಮುಂಚೆ ಮೀಸೆ ಬೋಳಿಸಬೇಡಿ ಎಂದು ಬರೆದರು. ನಾನು ಅರ್ಜಿ ಕೊಟ್ಟಾಗ ಹಿಂದೋಲೆ ಕಚೇರಿಯ ಶಾಹೀನ್‌ಬಾನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿ, "ಆಟದ ಸಾಮಾನು ತಗೋಬೇಕೋ ಬ್ಯಾಡೋ ಅಂತ ಒಂದ್ ಹಿಂದೋಲೆ? ಇಡೀ ಜನ್ಮಕ್ಕ ಇರೋದೊಂದು. ಬ್ಯಾರೆ ಏನೂ ಸಿಗಲಿಲ್ಲೇನವ್ವಾ ನಿನಗ?" ಎಂದರು. ಇಲ್ಲ, ಇದೇ ಬೇಕು ಎಂದೆ. ನಕ್ಕು ಠಸ್ಸೆ ಒತ್ತಿದರು.

ಆಟದ ಸಾಮಾನು ಯಾವುದೆಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನೀವು ಚಿಕ್ಕವರಿದ್ದಾಗ ಟಿವಿಗೆ ಹಚ್ಚಿ ಆಡುತ್ತಿದ್ದಿರಲ್ಲ ವಿಡಿಯೋ ಗೇಮ್, ಅದರದೇ ರೂಪದ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪೆಟ್ಟಿಗೆ. ಹನ್ನೊಂದು ದಿನದಿಂದ ಅದು ನಿಮ್ಮ ಫೋನಿನ ಕಾರ್ಟಿನಲ್ಲಿ ಕೂತಿದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ತೆಗೆದು ನೋಡುತ್ತೀರಿ, ನಲವತ್ತು ವರ್ಷದ ಗಂಡಸು ಇದನ್ನು ತರಿಸಿದರೆ ಮನೆಯಲ್ಲಿ ಏನಂದಾರು ಎಂದು ಮುಚ್ಚಿಡುತ್ತೀರಿ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ಗಾಬರಿಯಾಗಬೇಡಿ. ನಿಮ್ಮ ಕಾಲದ ಎಷ್ಟೋ ಒಳ್ಳೆಯ ಪುಸ್ತಕಗಳು ನಮಗೆ ಸಿಕ್ಕಿಲ್ಲ, ಆದರೆ ಆನ್‌ಲೈನ್ ಅಂಗಡಿಗಳ ಕಾರ್ಟುಗಳೂ ರಿವ್ಯೂಗಳೂ ಒಂದೂ ಬಿಡದೆ ಉಳಿದುಬಂದಿವೆ. ಕೊನೆಗೆ ನೀವು ಆ ಪೆಟ್ಟಿಗೆಯನ್ನು ಕೊಂಡಿರಿ, ನಿಮಗದು ಇನ್ನೂ ಆಗಬೇಕಾದದ್ದು, ನಮಗೆ ಆಗಿಹೋದದ್ದು. ಕೊಂಡು ಹೀಗೆ ಬರೆದಿರಿ: "ಎರಡು ಸ್ಟಾರ್. ವಸ್ತು ಚಲೋ ಐತಿ. ಆದ್ರ ಏನೋ ಒಂದು ಕಮ್ಮಿ ಐತಿ, ಏನಂತ ಗೊತ್ತಾಗವಲ್ದು. ಮೂರು ದಿನ ಆಡಿದೆ, ನಾಲ್ಕನೇ ದಿನ ಗ್ವಾಡಿ ಮಾಡದಾಗ ಇಟ್ಟೆ. ಹಳೇ ನೆನಪಿಗಂತ ತಗೊಳ್ಳೋರು ವಿಚಾರ ಮಾಡಿ ತಗೋರಿ."

ಆ ರಿವ್ಯೂ ನನಗೆ ಸಿಕ್ಕಿದ್ದು ಹೋದ ದಸರೆಯ ಹೊತ್ತಿಗೆ. ಅದನ್ನು ಹುಡುಕುವುದಕ್ಕೆ ಕಾರಣ ನಮ್ಮ ಮನೆಯ ಆಯುಧಪೂಜೆ. ನಿಮ್ಮ ಅಕ್ಕನ, ಅಂದರೆ ಮಂಗಳಕ್ಕನ ಹೊಲಿಗೆ ಮಷಿನ್ನು ಇಂದಿಗೂ ನಮ್ಮ ಮನೆಯಲ್ಲಿದೆ. ಬಟ್ಟೆ ಹೊಲಿಯುವವರು ಈಗ ಯಾರೂ ಇಲ್ಲ, ಆದರೂ ವರ್ಷಕ್ಕೊಮ್ಮೆ ಅದನ್ನು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತೇವೆ. ಅದರ ಖಾನೆಯಲ್ಲಿ ಕತ್ತರಿ, ಟೇಪು, ಬಾಬಿನ್ನುಗಳ ಜತೆಗೆ ಇನ್ನೊಂದು ವಸ್ತು ಇತ್ತು. ಬೆರಳುದ್ದದ ಚಪ್ಪಟೆ ತುಂಡು, ಎಡಗಡೆ ಕೂಡಿಸುವ ಚಿಹ್ನೆಯಂಥ ಒಂದು ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ, ಸುರುಳಿ ಸುತ್ತಿ ಕಟ್ಟಿದ ವೈರು, ಮೇಲೆ ಒಡೆಯದ ಪ್ಲಾಸ್ಟಿಕ್ ಚೀಲ. ಅದು ಮಷಿನ್ನಿನ ಬಿಡಿಭಾಗ ಎಂದು ನಮ್ಮ ಮನೆಯವರು ನಂಬಿದ್ದರು. ನನ್ನ ಅಜ್ಜಿಯಂತೂ ಅದು ಮಷಿನ್ನಿನ ಜೀವ, ಬಿಚ್ಚಿದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದಳು. ಪ್ಲಾಸ್ಟಿಕ್ಕಿನ ಮೇಲೆಯೇ ಕುಂಕುಮ ಇಟ್ಟು, ಪ್ರತಿ ವರ್ಷ ಒಂದು ತೊಟ್ಟು ಮಷಿನ್ ಎಣ್ಣೆ ಬಿಡುತ್ತಿದ್ದೆವು. ನೂರಿಪ್ಪತ್ತು ವರ್ಷ ಎಣ್ಣೆ ಕುಡಿದ ಆ ವಸ್ತು ನಿಮ್ಮ ಪುಟ್ಟ ಪೆಟ್ಟಿಗೆಯ ಎರಡನೆಯ ರಿಮೋಟ್, ಮಾಮಾ.

ಇದನ್ನು ಕಂಡುಕೊಳ್ಳಲು ನಾನು ಕೈಬರಹ ಕಲಿಯಬೇಕಾಯಿತು. ನಮ್ಮ ಕಾಲದವರು ಅಚ್ಚಿನ ಅಕ್ಷರ ಓದುತ್ತೇವೆ, ಕೈಬರಹ ನಮಗೆ ಇರುವೆ ಸಾಲು. ಮಷಿನ್ನಿನ ಅದೇ ಖಾನೆಯಲ್ಲಿ ಮುತ್ತಜ್ಜಿ ಪ್ರಾರ್ಥನಾಳದೊಂದು ನೋಟ್‌ಬುಕ್ ಇತ್ತು. ಮುಂದಿನ ಹಾಳೆಗಳಲ್ಲಿ ಜಂಪರಿನ ಅಳತೆಗಳು, ಹಿಂದಿನ ಹಾಳೆಗಳಲ್ಲಿ ತನ್ನ ತಾಯಿ ಹೇಳುತ್ತಿದ್ದ ಮಾತುಗಳು. ನಿವೃತ್ತಿಯಾದ ಮೇಲೆ ಬೇರೆ ಕೆಲಸವಿಲ್ಲದೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅರ್ಧ ಹಾಳೆ ಓದಲು ಒಂದು ವಾರ ಹಿಡಿಯುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ನೀವೇ ತುಂಬಿದ್ದೀರಿ.

ಗದಗಿನ ರೈಲ್ವೆ ಕ್ವಾರ್ಟರ್ಸು, ಮೇಲೆ ಬಟ್ಟೆ ಹೊದಿಸಿದ ಟಿವಿ, ಕರಿಬಣ್ಣದ ವಿಡಿಯೋ ಗೇಮ್. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿದ್ದ, ಎಣಿಸಿದರೆ ಏಳೇ ಆಟಗಳಿದ್ದ ಹಳದಿ ಕ್ಯಾಸೆಟ್. ಅದನ್ನು ಸಿಕ್ಕಿಸಿದರೆ ಮೊದಲು ಬರುತ್ತಿದ್ದದ್ದು ಬರೀ ಬೂದು ಚೌಕಗಳು. ಆಗ ಮಂಗಳಕ್ಕ ಬರಬೇಕು. ಎರಡು ಸಣ್ಣ ಊದು, ಒಂದು ಉದ್ದ ಊದು, ಲಂಗದ ಅಂಚಿನಿಂದ ಒಮ್ಮೆ ಒರೆಸಿ, ತುಸು ಎಡಕ್ಕೆ ವಾಲಿಸಿ ಒತ್ತಿದರೆ ಆಟ ಶುರು. ನೀವು ಊದಲು ಹೋದರೆ, "ಏ, ನೀ ಊದಬ್ಯಾಡೋ, ಬರೇ ಉಗುಳು ಹಾರಸ್ತಿ! ಇತ್ತಾಗ ಕೊಡ!" ಎಂದು ಕಸಿದುಕೊಳ್ಳುತ್ತಿದ್ದಳು. ನಿಮ್ಮ ಶಾಲೆ ಬೇಗ ಬಿಡುತ್ತಿತ್ತು, ಆಕೆಯದು ತಡ. ನೀವು ಕ್ಯಾಸೆಟ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ದಾರಿ ಕಾಯುತ್ತಿದ್ದಿರಂತೆ. ಆಕೆ ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಪಾಟೀಚೀಲ ಇಳಿಸಿರುವುದಿಲ್ಲ, ನೀವು ಕ್ಯಾಸೆಟ್ಟನ್ನು ಬಾಯಿಗೇ ಹಿಡಿಯುತ್ತಿದ್ದಿರಂತೆ.

ಮೊದಲ ಪಾಳಿ ಯಾವಾಗಲೂ ನಿಮ್ಮದೇ. "ಮೊದಲನೇ ಪಾಳಿ ನಂದ!" ಎಂದು ನೀವು ಅಳುವ ಮುಖ ಮಾಡುತ್ತಿದ್ದಿರಿ, ಆಕೆ ಬಿಟ್ಟುಕೊಡುತ್ತಿದ್ದಳು. ಇಬ್ಬರೂ ಕೂಡಿ ಆಡುವ ಟ್ಯಾಂಕಿನ ಆಟದಲ್ಲಿ ನೀವು ಶತ್ರುಗಳನ್ನು ಅಟ್ಟಿಸಿಕೊಂಡು ಊರೆಲ್ಲ ತಿರುಗುವುದು, ಆಕೆ ಕೆಳಗೆ ಕೋಟೆಯ ಮುಂದೆಯೇ ನಿಂತು ಕಾಯುವುದು. ನಿಮ್ಮ ಮೂರೂ ಲೈಫ್ ಮುಗಿದು ಬಾಯಿ ತೆರೆಯುವಷ್ಟರಲ್ಲಿ ತನ್ನ ರಿಮೋಟನ್ನು ನಿಮ್ಮ ಕೈಗೆ ಕೊಟ್ಟು, "ತಗೋ, ನನ್ನ ಲೈಫಿನಾಗ ಆಡು," ಎನ್ನುತ್ತಿದ್ದಳು. ಇದನ್ನು ಓದಿದ ದಿನ ನಾನು ತಣ್ಮನೆಯ ಮೂಲೆಯಲ್ಲಿ ಕೂತು ಚೆನ್ನಾಗಿ ಅತ್ತೆ, ಸುಳ್ಳೇಕೆ ಹೇಳಲಿ.

ಪಾಳಿ ಎಂಬ ಪದವನ್ನು ನಾನು ಕಲಿತದ್ದೂ ಆ ನೋಟ್‌ಬುಕ್ಕಿನಿಂದಲೇ. ನಮ್ಮಲ್ಲಿ ಆಟಗಳಿಗೆ ಪೆಟ್ಟಿಗೆಯಿಲ್ಲ, ರಿಮೋಟಿಲ್ಲ. ಅವನ್ನು ಮೈಯಾಟ ಎನ್ನುತ್ತೇವೆ. ಕಣ್ಣು ಮುಚ್ಚಿದರೆ ಸಾಕು, ಬೆಟ್ಟ ಹತ್ತಿದರೆ ಕಾಲು ನೋಯುತ್ತದೆ, ಹೊಳೆಗೆ ಬಿದ್ದರೆ ಚಳಿಯಾಗುತ್ತದೆ. ಪ್ರತಿಯೊಬ್ಬರ ಆಟವೂ ಅವರ ಮನಸ್ಸಿಗೆ ತಕ್ಕಂತೆ ಅವರೊಬ್ಬರಿಗೇ ಹುಟ್ಟುತ್ತದೆ, ಅವರು ನಿಲ್ಲಿಸಿದಾಗ ಮುಗಿಯುತ್ತದೆ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ, ಯಾರ ಕೈಯಿಂದಲೂ ಏನನ್ನೂ ಕಸಿಯಬೇಕಿಲ್ಲ. ನಾನೂ ಆಡುತ್ತೇನೆ, ಚೆನ್ನಾಗಿರುತ್ತದೆ. ಆದರೆ ನೆರೆಮನೆಯವರ ಆಟ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೊಳ್ಳಬೇಕೇ, ಬೇಡವೇ? ನಿಮ್ಮ ರಿವ್ಯೂ ಅಷ್ಟೇ ಅಲ್ಲ, ಅಂಥ ಪೆಟ್ಟಿಗೆ ಕೊಂಡ ನೂರಾರು ಜನರ ರಿವ್ಯೂ ಓದಿ ಹೇಳುತ್ತಿದ್ದೇನೆ. ಚಿತ್ರ ನಿಮ್ಮ ಹಳೆಯ ಟಿವಿಯಲ್ಲಿ ಬರುತ್ತಿದ್ದದ್ದಕ್ಕಿಂತ ಸ್ಪಷ್ಟ, ಅತಿ ಸ್ಪಷ್ಟ. ಸಂಗೀತ ಅದೇ. ಏಳು ಆಟಗಳ ಜಾಗದಲ್ಲಿ ಮೂವತ್ತು ನಿಜವಾದ ಆಟಗಳಿವೆ. ಸತ್ತರೆ ಸತ್ತ ಜಾಗದಿಂದಲೇ ಮುಂದುವರಿಸಬಹುದು, ಹೀಗಾಗಿ ಲೈಫಿಗೆ ಬೆಲೆಯಿಲ್ಲ. ರಿಮೋಟಿನ ವೈರು ಗಿಡ್ಡ, ಟಿವಿಗೆ ಮೂಗು ತಾಗಿಸಿಕೊಂಡು ಕೂರಬೇಕು, ದೊಡ್ಡವರ ಸೊಂಟಕ್ಕೆ ತ್ರಾಸು. ಗುಂಡಿಗಳು ದೊಡ್ಡ ಹೆಬ್ಬೆರಳಿಗೆ ಸಣ್ಣವಾದವು. ಇವೆಲ್ಲ ಸಣ್ಣ ದೂರುಗಳು. ಮುಖ್ಯ ವಿಷಯ ಬೇರೆ. ಕ್ಯಾಸೆಟ್ ಸಿಕ್ಕಿಸುವ ಜಾಗದಲ್ಲಿ ಒಂದು ಪುಟ್ಟ ಮುಚ್ಚಳ ಕಾಣುತ್ತದಲ್ಲ, ಅದು ತೆರೆಯುವುದಿಲ್ಲ. ಅದು ಬರೀ ತೋರಿಕೆಗೆ ಕೊರೆದ ಗೆರೆ. ಆಟಗಳೆಲ್ಲ ಒಳಗೇ ಇವೆ, ಕ್ಯಾಸೆಟ್ ಬೇಕಿಲ್ಲ, ಧೂಳು ಕೂರುವುದಿಲ್ಲ, ಊದುವ ಕೆಲಸವೇ ಇಲ್ಲ. ಏನೋ ಒಂದು ಕಮ್ಮಿಯಿದೆ ಎಂದು ಬರೆದಿರಲ್ಲ, ಅದೇನೆಂದು ನಿಮಗೆ ತಿಳಿಯಲಿಲ್ಲವಲ್ಲ, ಅದು ಇದು. ಅಕ್ಕ ಇಲ್ಲದೆಯೂ ಶುರುವಾಗುವ ಪೆಟ್ಟಿಗೆ ಅದು. ನೀವು ಮೂರು ದಿನ ಅದರ ಮುಂದೆ ಒಬ್ಬರೇ ಕೂತಿರಿ. ಎರಡನೆಯ ರಿಮೋಟನ್ನು ಚೀಲದಿಂದ ಹೊರಗೂ ತೆಗೆಯಲಿಲ್ಲ.

ಮಾಮಾ, ನಿಮ್ಮಿಬ್ಬರ ನಡುವೆ ಜಗಳವೇನೂ ಆಗಿಲ್ಲ ಎಂದು ನನಗೆ ಗೊತ್ತು. ಆಗಿದ್ದರೆ ಯಾರಾದರೂ ನಡುವೆ ಬಂದು ಬಿಡಿಸುತ್ತಿದ್ದರು. ಆಗಿರುವುದು ಇಷ್ಟು. ನಿಮ್ಮ ಅವ್ವ ಇರುವವರೆಗೆ ನೀವು ಪ್ರತಿ ನಾಗರಪಂಚಮಿಗೂ ಕೊಪ್ಪಳಕ್ಕೆ ಹೋಗಿ ಅಕ್ಕನನ್ನು ತವರಿಗೆ ಕರೆದುಕೊಂಡು ಬರುತ್ತಿದ್ದಿರಿ. ಅವ್ವ ತೀರಿಹೋದ ವರ್ಷ ಅಂಗಡಿಯಲ್ಲಿ ಕೆಲಸ ಜಾಸ್ತಿಯಿತ್ತು, ಫೋನಿನಲ್ಲಿ ಕರೆದಿರಿ. "ಪಂಚಮಿಗೆ ಬಾ ಬೇ ಅಕ್ಕಾ," ಎಂದಿರಿ. "ಆತು ಬಿಡೋ, ಕ್ಲಾಸ್ ಅದಾವು, ನೋಡೂಣು," ಎಂದಳು. ಆಕೆಗೆ ಬರಲು ಮನಸ್ಸಿಲ್ಲ ಎಂದುಕೊಂಡಿರಿ. ಮರುವರ್ಷವೂ ಫೋನು, ಅದರ ಮರುವರ್ಷ ಫೋನಿಗೆ ಕಳಿಸಿದ ಶೇಂಗಾ ಉಂಡಿಯ ಚಿತ್ರ, ಈಗ ಆರು ವರ್ಷದಿಂದ ಹೀಗೆಯೇ ನಡೆದಿದೆ. ನೋಟ್‌ಬುಕ್ಕಿನಲ್ಲಿ ಏನಿದೆ ಗೊತ್ತೇ? ಪ್ರತಿ ವರ್ಷ ಪಂಚಮಿಯ ಹಿಂದಿನ ವಾರ ಮಂಗಳಕ್ಕ ಕ್ಲಾಸಿಗೆ ರಜೆ ಹೇಳಿಬಿಡುತ್ತಿದ್ದಳು. ಬ್ಯಾಗಿಗೆ ಎರಡು ಸೀರೆ ಹಾಕಿ ಬಾಗಿಲ ಹಿಂದೆ ಇಡುತ್ತಿದ್ದಳು. ನೀನೇ ಬಸ್ಸು ಹತ್ತಿ ಹೋಗವ್ವಾ ಎಂದು ಮಗಳು ಹೇಳಿದರೆ, "ತವರಿಗೆ ಕರ್ಯಾಕ ಬರದ ಹೆಂಗ ಹೋಗ್ಲಿ? ನಾನೇನ್ ಬಿಕನಾಸಿ ಏನ?" ಎಂದು ಸಿಟ್ಟು ಮಾಡುತ್ತಿದ್ದಳು. ಹಬ್ಬ ಮುಗಿದ ಮರುದಿನ ಸೀರೆಗಳನ್ನು ಕಪಾಟಿನಲ್ಲಿ ಮಡಿಸಿಡುತ್ತಿದ್ದಳು. ನಿಮಗೆ ಫೋನು ಮಾಡುವುದು ಕರೆದ ಹಾಗೆ, ಆಕೆಗೆ ಬಾಗಿಲಿಗೆ ಬಂದು ನಿಂತರೆ ಕರೆದ ಹಾಗೆ. ಇದನ್ನು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಎಂಥ ದಡ್ಡರು ನೀವಿಬ್ಬರೂ!

ಈ ಪತ್ರ ನಿಮಗೆ ಆಷಾಢದಲ್ಲಿ ಸಿಗುವಂತೆ ಕಳಿಸಿದ್ದೇನೆ. ಪಂಚಮಿಗೆ ಇನ್ನೂ ಮೂರು ವಾರವಿದೆ. ಮುಂದಿನ ವರ್ಷ ಹೋದರಾಯಿತು ಎಂದುಕೊಳ್ಳಬೇಡಿ. ಏಕೆಂದರೆ

(ಇಲ್ಲಿ ಎರಡು ಸಾಲುಗಳನ್ನು ಹಿಂದೋಲೆ ಕಚೇರಿ ಅಳಿಸಿದೆ.)

ಶಾಹೀನ್‌ಬಾನು ಅವರು ಅದನ್ನು ಅಳಿಸಿದ್ದು ನಿಯಮದ ಪ್ರಕಾರವೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಳಿಸುವಾಗ ಅವರು ನಗುತ್ತಿರಲಿಲ್ಲ. ಹಾಗಾದರೆ ಇಷ್ಟನ್ನಾದರೂ ಹೇಳಲು ಬಿಡಿ ಎಂದು ಕೇಳಿಕೊಂಡೆ, ಆಟದ ಸಾಮಾನಿನ ವಿಷಯ ತಾನೇ ಎಂದು ಬಿಟ್ಟಿದ್ದಾರೆ. ಆ ಎರಡನೆಯ ರಿಮೋಟನ್ನು ಮುಂದಿನ ಬೇಸಿಗೆಯಲ್ಲಿ ನೀವೇ ಕೊಪ್ಪಳಕ್ಕೆ ತಂದುಕೊಟ್ಟಿರಿ. "ಇದು ಅಕ್ಕಂದು," ಎಂದು ಅಷ್ಟೇ ಹೇಳಿದಿರಿ. ಕೊಟ್ಟದ್ದು ಆಕೆಯ ಕೈಗಲ್ಲ, ಆಕೆಯ ಮಗಳ ಕೈಗೆ. ಪ್ರಾರ್ಥನಾ ಅದನ್ನು ಮಷಿನ್ನಿನ ಖಾನೆಯಲ್ಲಿಟ್ಟಳು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳೇ ಹೊರತು ಆಮೇಲೆ ಅದೇನೆಂದು ಯಾರಿಗೂ ಹೇಳಲಿಲ್ಲ.

ಆದ್ದರಿಂದ ನನ್ನ ಉತ್ತರ ಇದು: ಕೊಳ್ಳಿ. ಇವತ್ತೇ ಕೊಳ್ಳಿ. ಬಂದ ಮೇಲೆ ಒಬ್ಬರೇ ತೆರೆಯಬೇಡಿ. ಪಂಚಮಿಯ ಹಿಂದಿನ ದಿನ ಅಂಗಡಿಗೆ ಬೀಗ ಹಾಕಿ ಕೊಪ್ಪಳಕ್ಕೆ ಹೋಗಿ. ಫೋನು ಮಾಡಬೇಡಿ, ಬಾಗಿಲಲ್ಲಿ ನಿಲ್ಲಿ. ಬ್ಯಾಗು ಬಾಗಿಲ ಹಿಂದೆಯೇ ಇರುತ್ತದೆ. ಅಕ್ಕನನ್ನು ಗದಗಿಗೆ ಕರೆತಂದು, ಉಂಡಿ, ಅಳ್ಳಿಟ್ಟು ತಿಂದಾದ ಮೇಲೆ ಇಬ್ಬರೂ ಟಿವಿಯ ಮುಂದೆ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿ. ಆ ಮುಚ್ಚಳ ತೆರೆಯುವುದಿಲ್ಲ ಎಂದು ಆಕೆಗೆ ಹೇಳಬೇಡಿ. ಆಕೆ ಪೆಟ್ಟಿಗೆಯನ್ನು ನಿಮ್ಮ ಕೈಯಿಂದ ಕಸಿದುಕೊಂಡು ಊದಿಯೇ ಊದುತ್ತಾಳೆ, ನನಗೆ ಗೊತ್ತು. ಊದಲು ಬಿಡಿ. ಸೊಂಟ ನೋಯುತ್ತದೆ, ವೈರು ಗಿಡ್ಡವಾಗುತ್ತದೆ, ಕೋಟೆ ಬೀಳುತ್ತದೆ, ನೀವು ಮತ್ತೆ ಜಗಳಾಡುತ್ತೀರಿ. ಆಮೇಲೆ ಬೇಕಾದರೆ ಎರಡೇ ಸ್ಟಾರ್ ಕೊಡಿ, ನನ್ನ ಅಭ್ಯಂತರವಿಲ್ಲ.

ಪತ್ರ ಮುಟ್ಟಿತೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲವಂತೆ. ಮುಟ್ಟಿದರೆ ಎಲ್ಲವೂ ಮೊದಲಿನಿಂದ ಹಾಗೆಯೇ ಇತ್ತು ಅನ್ನಿಸುತ್ತದೆ, ನಾನು ಬರೆದದ್ದೇ ನನಗೆ ಮರೆತಿರುತ್ತದೆ. ಬರುವ ಆಯುಧಪೂಜೆಗೆ ನಾನು ಆ ಖಾನೆ ತೆರೆಯುತ್ತೇನೆ. ಅಲ್ಲಿ ಪ್ಲಾಸ್ಟಿಕ್ ಚೀಲವಿಲ್ಲದ, ಎರಡು ಕೆಂಪು ಗುಂಡಿಗಳೂ ಹೆಬ್ಬೆರಳಿಗೆ ಸವೆದು ಬೆಳ್ಳಗಾದ ಒಂದು ರಿಮೋಟ್ ಇರಲಿ ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ. ಅದೇಕೆ ಸವೆದಿದೆ ಎಂದು ನನಗೆ ತಿಳಿಯದೇ ಹೋದರೂ ಸರಿ. ಕುಂಕುಮ ಇಟ್ಟು, ಎಣ್ಣೆ ಬಿಟ್ಟು ಒಳಗಿಡುತ್ತೇನೆ.

ನಾನು ನಿಮ್ಮಿಬ್ಬರನ್ನೂ ನೋಡಿಲ್ಲ. ಆದರೂ ನೀವಿಬ್ಬರೆಂದರೆ ನನಗೆ ಬಹಳ ಪ್ರೀತಿ. ಇರುವ ಒಂದೇ ಹಿಂದೋಲೆಯನ್ನು ಅದಕ್ಕೇ ಖರ್ಚು ಮಾಡಿದ್ದೇನೆ. ಹೋಗಿ ಬನ್ನಿ ಮಾಮಾ. ಇನ್ನೊಂದೇ ಮಾತು. ಈ ಸಲ ಮೊದಲ ಪಾಳಿ ಅಕ್ಕನಿಗೆ ಬಿಡಿ.

ನಿಮ್ಮ,
ನೀಲಾಂಬಿಕೆ